2147483647: ಭಾಗಿಸದೆಯೇ ತಿಳಿಯುವುದು ಎಷ್ಟು?

ಪ್ರಶ್ನೆ: ಫೋನಿನ ಆಟವೊಂದರಲ್ಲಿ ನನ್ನ ನಾಣ್ಯಗಳ ಲೆಕ್ಕ 2147483647ಕ್ಕೆ ಬಂದು ನಿಂತುಬಿಟ್ಟಿತು. ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಣ್ಣನನ್ನು ಕೇಳಿದರೆ, ಅದೊಂದು ಅವಿಭಾಜ್ಯ ಸಂಖ್ಯೆ, ಆದ್ದರಿಂದಲೇ ಕಂಪ್ಯೂಟರಿನವರು ಅದನ್ನು ಆರಿಸಿಕೊಂಡಿದ್ದಾರೆ ಎಂದ. 2ನ್ನು 2147483646ನೇ ಘಾತಕ್ಕೆ ಏರಿಸಿ ಈ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರುತ್ತದೆ ಎಂದು ಪ್ರೋಗ್ರಾಮ್ ಬರೆದು ತೋರಿಸಿ, ರುಜುವಾತಿಗೆ ಇಷ್ಟು ಸಾಕು ಎಂದೂ ಹೇಳಿದ. ಆದರೆ ಕಂಪ್ಯೂಟರ್ ಹುಟ್ಟುವ ಮೊದಲೇ ಈ ಸಂಖ್ಯೆ ಅವಿಭಾಜ್ಯವೆಂದು ಗೊತ್ತಿತ್ತಂತೆ. ಹತ್ತು ಅಂಕಿಗಳ ಸಂಖ್ಯೆಯನ್ನು ಕೈಲೆಕ್ಕದಲ್ಲಿ ಹೇಗೆ ಪರೀಕ್ಷಿಸಿದರು? – ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ನಾಪೋಕ್ಲು

ಉತ್ತರ: ಈ ಸಂಖ್ಯೆ ಅವಿಭಾಜ್ಯ ಎಂಬುದು ನಿಜ. ಆ ಕಾರಣಕ್ಕೆ ಕಂಪ್ಯೂಟರಿನವರು ಅದನ್ನು ಆರಿಸಿಕೊಂಡರು ಎಂಬುದು ನಿಜವಲ್ಲ. ನಿಮ್ಮ ಅಣ್ಣ ಮಾಡಿ ತೋರಿಸಿದ ಪರೀಕ್ಷೆಯಂತೂ, ಬೇರೆ ಸಂಖ್ಯೆಗಳ ವಿಷಯದಲ್ಲಿ ಎಷ್ಟೇ ಉಪಯುಕ್ತವಾಗಿದ್ದರೂ, ಈ ಒಂದು ಸಂಖ್ಯೆಯ ವಿಷಯದಲ್ಲಿ ಏನನ್ನೂ ಸಾಧಿಸುವುದಿಲ್ಲ. ಈ ಮೂರೂ ಮಾತುಗಳಿಗೆ ಆಧಾರ ಒಂದೇ: 214 ಕೋಟಿ 74 ಲಕ್ಷ 83 ಸಾವಿರದ 647 ಎಂದು ನಾವು ಓದುವ ಈ ಸಂಖ್ಯೆ 2ರ 31ನೇ ಘಾತಕ್ಕಿಂತ ಒಂದು ಕಡಿಮೆ, ಅಂದರೆ 2³¹ − 1.

ಮೊದಲು ಆಟದ ವಿಷಯವನ್ನು ಮುಗಿಸೋಣ. ಅನೇಕ ಪ್ರೋಗ್ರಾಮುಗಳಲ್ಲಿ ಒಂದು ಪೂರ್ಣಾಂಕಕ್ಕೆ 32 ಬಿಟ್‌ಗಳ, ಅಂದರೆ 0 ಅಥವಾ 1 ಆಗಬಲ್ಲ 32 ಅಂಕಿಗಳ, ಜಾಗವಿರುತ್ತದೆ. ಅವುಗಳಲ್ಲಿ ಒಂದು ಬಿಟ್ ಧನವೋ ಋಣವೋ ಎಂಬುದನ್ನು ಸೂಚಿಸಲು ಹೋಗುತ್ತದೆ, ಉಳಿದ 31 ಬಿಟ್‌ಗಳಲ್ಲಿ ಎಲ್ಲವೂ 1 ಆದಾಗ ಸಿಗುವ ಅತಿ ದೊಡ್ಡ ಬೆಲೆಯೇ 2³¹ − 1. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಇದೇ ಅಳತೆಯ ಜಾಗದಲ್ಲಿ ಎಣಿಸುತ್ತಿರುವ ಹಳೆಯ ವ್ಯವಸ್ಥೆಗಳಿಗೆ 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಜಾಗ ಮುಗಿಯುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಅದಕ್ಕೂ ಅವಿಭಾಜ್ಯತೆಗೂ ಸಂಬಂಧವಿಲ್ಲ. 8 ಬಿಟ್‌ಗಳ ಜಾಗದಲ್ಲಿ ಸಿಗುವ ಮಿತಿ 127, ಅದು ಅವಿಭಾಜ್ಯ. 16 ಬಿಟ್‌ಗಳ ಮಿತಿ 32767, ಅದು 7 × 31 × 151, ಅಂದರೆ ಸಂಯುಕ್ತ ಸಂಖ್ಯೆ. ಈಗಿನ 64 ಬಿಟ್‌ಗಳ ಮಿತಿ 9223372036854775807, ಅದೂ 7ರಿಂದ ಭಾಗವಾಗುತ್ತದೆ. 32 ಬಿಟ್‌ಗಳ ಮಿತಿ ಅವಿಭಾಜ್ಯವಾದದ್ದು ಕಂಪ್ಯೂಟರಿನವರ ಮಟ್ಟಿಗೆ ಕೇವಲ ಆಕಸ್ಮಿಕ.

64 ಬಿಟ್‌ಗಳ ಮಿತಿ 7ರಿಂದ ಭಾಗವಾಗುತ್ತದೆ ಎಂಬುದನ್ನು ನಾನು ಭಾಗಿಸಿ ನೋಡಿ ಹೇಳುತ್ತಿಲ್ಲ. ಆ ಸಂಖ್ಯೆ 2⁶³ − 1, ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ 63 ಒಂದುಗಳು. 63 ಎಂಬುದು 3ರ ಅಪವರ್ತ್ಯವಾದ್ದರಿಂದ ಆ ಸಾಲನ್ನು ಮೂರು ಮೂರು ಒಂದುಗಳ ಗುಂಪುಗಳಾಗಿ ಕತ್ತರಿಸಿದರೆ ಏನೂ ಮಿಗುವುದಿಲ್ಲ, ಮತ್ತು ಪ್ರತಿಯೊಂದು ಗುಂಪೂ 111, ಅಂದರೆ 7. ಹೀಗಾಗಿ ಇಡೀ ಸಂಖ್ಯೆ 7ರ ಅಪವರ್ತ್ಯ. ಇದೇ ತರ್ಕದಿಂದ, ಘಾತಾಂಕವೇ ಸಂಯುಕ್ತವಾಗಿದ್ದರೆ 2ರ ಘಾತದಿಂದ ಒಂದು ಕಳೆದ ಸಂಖ್ಯೆಯೂ ಸಂಯುಕ್ತವಾಗಲೇಬೇಕು. ಘಾತಾಂಕ ಅವಿಭಾಜ್ಯವಾಗಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು, ಅದೂ ಖಾತ್ರಿಯಲ್ಲ: 11 ಅವಿಭಾಜ್ಯ, ಆದರೆ 2¹¹ − 1 = 2047 = 23 × 89. ಈ 2047ನ್ನು ನೆನಪಿನಲ್ಲಿಡಿ, ನಿಮ್ಮ ಅಣ್ಣನಿಗೆ ಉತ್ತರ ಹೇಳುವಾಗ ಬೇಕಾಗುತ್ತದೆ. ಈ ಮಾದರಿಯ ಅವಿಭಾಜ್ಯಗಳನ್ನು ಮರ್ಸೆನ್ ಅವಿಭಾಜ್ಯಗಳು ಎನ್ನುತ್ತಾರೆ. 2, 3, 5, 7, 13, 17, 19 ಘಾತಾಂಕಗಳವುಗಳ ನಂತರ ಬರುವ, 31 ಘಾತಾಂಕದ ನಮ್ಮ ಸಂಖ್ಯೆ ಅವುಗಳಲ್ಲಿ ಎಂಟನೆಯದು.

ಈಗ ಕೈಲೆಕ್ಕದ ಪ್ರಶ್ನೆ. ತೋಟದಲ್ಲಿ ಅಷ್ಟು ಸಂಖ್ಯೆಯ ಕಾಫಿ ಸಸಿಗಳನ್ನು ಸಮನಾದ ಸಾಲುಗಳಲ್ಲಿ, ಕೊನೆಯ ಸಾಲೂ ಭರ್ತಿಯಾಗುವಂತೆ, ಆಯತಾಕಾರದಲ್ಲಿ ನೆಡಲು ಸಾಧ್ಯವೇ ಎಂಬುದೇ ಪ್ರಶ್ನೆ ಎಂದಿಟ್ಟುಕೊಳ್ಳಿ. ಒಂದೇ ಉದ್ದ ಸಾಲಿನಲ್ಲಿ ನೆಡುವುದನ್ನು ಬಿಟ್ಟು ಬೇರೆ ದಾರಿಯಿಲ್ಲದಿದ್ದರೆ ಸಂಖ್ಯೆ ಅವಿಭಾಜ್ಯ. ಆಯತ ಸಾಧ್ಯವಿದ್ದರೆ ಅದರ ಎರಡು ಬದಿಗಳಲ್ಲಿ ಚಿಕ್ಕದು ವರ್ಗಮೂಲವನ್ನು ಮೀರುವಂತಿಲ್ಲ. 46341ರ ವರ್ಗ ನಮ್ಮ ಸಂಖ್ಯೆಗಿಂತ ದೊಡ್ಡದಾದ್ದರಿಂದ 46340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥ ಅವಿಭಾಜ್ಯಗಳು 4792 ಇವೆ. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ, ಕೈಯಲ್ಲಿ ಮಾಡುವವರಿಗೆ ಹತ್ತು ಅಂಕಿಗಳ ಸಂಖ್ಯೆಯನ್ನು ಅಷ್ಟು ಸಲ ಭಾಗಿಸುವುದು, ಅದೂ ಒಂದೂ ತಪ್ಪದೆ, ನಂಬುವ ಮಾತಲ್ಲ. ಸಂಖ್ಯೆಯ ರೂಪ ನಮಗೆ ನೆರವಾಗುವುದು ಇಲ್ಲಿಯೇ.

ಯಾವುದೋ ಒಂದು ಅವಿಭಾಜ್ಯ ಸಂಖ್ಯೆ ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ಭಾವಿಸಿ, ಅದನ್ನು ಭಾಜಕ ಎಂದು ಕರೆಯೋಣ. ಆಗ 2³¹ನ್ನು ಆ ಭಾಜಕದಿಂದ ಭಾಗಿಸಿದರೆ ಶೇಷ 1 ಉಳಿಯಬೇಕು. 2, 4, 8, 16 ಎಂದು 2ರ ಘಾತಗಳನ್ನು ಒಂದೊಂದಾಗಿ ಭಾಗಿಸುತ್ತಾ ಹೋದರೆ ಶೇಷಗಳು ಒಂದು ಹಂತದಲ್ಲಿ 1ಕ್ಕೆ ಬಂದು, ಅಲ್ಲಿಂದ ಮತ್ತೆ ಅದೇ ಕ್ರಮದಲ್ಲಿ ಸುತ್ತು ಹೊಡೆಯುತ್ತವೆ. 31ನೇ ಘಾತದಲ್ಲಿ ಶೇಷ 1 ಇರುವುದರಿಂದ ಆ ಸುತ್ತಿನ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯವಾದ್ದರಿಂದ ಸುತ್ತಿನ ಉದ್ದ 1 ಆಗಿರಬೇಕು ಇಲ್ಲವೇ 31 ಆಗಿರಬೇಕು, ಮತ್ತು 1 ಆಗುವುದು ಸಾಧ್ಯವಿಲ್ಲ, ಏಕೆಂದರೆ 2ನ್ನು ಯಾವ ಅವಿಭಾಜ್ಯದಿಂದ ಭಾಗಿಸಿದರೂ ಶೇಷ 1 ಬರುವುದಿಲ್ಲ. ಆದ್ದರಿಂದ ಸುತ್ತಿನ ಉದ್ದ ಸರಿಯಾಗಿ 31. ಇನ್ನೊಂದು ಕಡೆ, ಫರ್ಮಾನ ಕಿರುಪ್ರಮೇಯದ ಪ್ರಕಾರ, ಭಾಜಕಕ್ಕಿಂತ ಒಂದು ಕಡಿಮೆಯಾದ ಘಾತದಲ್ಲಿಯೂ ಶೇಷ 1 ಬರಲೇಬೇಕು. ಎರಡನ್ನೂ ಸೇರಿಸಿದರೆ, ಭಾಜಕದಿಂದ 1 ಕಳೆದಾಗ ಉಳಿಯುವುದು 31ರ ಅಪವರ್ತ್ಯವಾಗಬೇಕು. ಭಾಜಕ ಬೆಸಸಂಖ್ಯೆಯಾದ್ದರಿಂದ 62ರ ಅಪವರ್ತ್ಯವೇ ಆಗಬೇಕು. ಒಂದೇ ಏಟಿಗೆ 3, 5, 7, 11, 13 ಮೊದಲಾಗಿ ಸಾವಿರಾರು ಅವಿಭಾಜ್ಯಗಳು, ಅವುಗಳಿಂದ ಒಂದು ಸಲವೂ ಭಾಗಿಸದೆ, ಪಟ್ಟಿಯಿಂದ ಹೊರಬಿದ್ದವು. 2047ರ ಅಪವರ್ತನಗಳಾದ 23 ಮತ್ತು 89ರಿಂದ ಒಂದೊಂದು ಕಳೆದು ನೋಡಿ, 22 ಮತ್ತು 88, ಎರಡೂ 11ರ ಅಪವರ್ತ್ಯಗಳು. ನಿಯಮ ಅಲ್ಲಿಯೂ ಅದೇ.

ಇನ್ನೊಂದು ಜರಡಿಯೂ ಇದೆ. 2³¹ನ್ನು ಭಾಗಿಸಿದಾಗ ಶೇಷ 1 ಎಂದರೆ 2³²ನ್ನು ಭಾಗಿಸಿದಾಗ ಶೇಷ 2. ಆದರೆ 2³² ಎಂಬುದು 65536ರ ವರ್ಗ. ಅಂದರೆ ಆ ಭಾಜಕದ ಶೇಷಗಳ ಲೋಕದಲ್ಲಿ 2 ಒಂದು ಪೂರ್ಣವರ್ಗವಾಗಿರಬೇಕು. 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಕೊಡುವ ಅವಿಭಾಜ್ಯಗಳಿಗೆ ಮಾತ್ರ ಆ ಗುಣವಿದೆ ಎಂಬ ಪ್ರಮೇಯದ ಸಾಧನೆಯನ್ನು ನೀವು ಪದವಿ ತರಗತಿಯಲ್ಲಿ ಕಾಣುವಿರಿ, ಸದ್ಯಕ್ಕೆ ಒಪ್ಪಿಕೊಳ್ಳಿ. ಎರಡೂ ಜರಡಿಗಳನ್ನು ಒಟ್ಟಿಗೆ ಹಿಡಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಬರುವ ಸಂಖ್ಯೆಗಳಷ್ಟೇ ಉಳಿಯುತ್ತವೆ. 46340ರೊಳಗೆ ಅಂಥವು, 63ನ್ನು ಬಿಟ್ಟರೆ, 372 ಇವೆ, ಅವುಗಳಲ್ಲೂ ಅವಿಭಾಜ್ಯವಾದವು 80ರ ಆಸುಪಾಸಿನಷ್ಟೇ. 4792 ಎಲ್ಲಿ, ಇದು ಎಲ್ಲಿ! ಕಕ್ಕಡದ ಮಳೆಗೆ ಕರೆಂಟ್ ಹೋಗಿ ಮನೆಯೊಳಗೇ ಕೂರಬೇಕಾದ ದಿನಗಳಲ್ಲಿ ಕಾಗದ ಪೆನ್ಸಿಲಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸ.

ಅದನ್ನೂ ಹಗುರ ಮಾಡಿಕೊಳ್ಳಬಹುದು. ಹತ್ತು ಅಂಕಿಗಳ ಸಂಖ್ಯೆಯನ್ನು ಮುಟ್ಟಬೇಕಾಗಿಯೇ ಇಲ್ಲ. 65536ನ್ನು ಭಾಜಕದಿಂದ ಭಾಗಿಸಿ, ಬಂದ ಶೇಷವನ್ನು ವರ್ಗ ಮಾಡಿ, ಮತ್ತೆ ಭಾಗಿಸಿ, ಶೇಷ 2 ಬರುತ್ತದೆಯೇ ಎಂದು ನೋಡಿದರೆ ಸಾಕು. ಪಟ್ಟಿಯಲ್ಲಿ ಮೊದಲು ಬರುವ ಅವಿಭಾಜ್ಯ 311. 65536ನ್ನು 311ರಿಂದ ಭಾಗಿಸಿದರೆ ಶೇಷ 226, ಅದರ ವರ್ಗ 51076, ಅದನ್ನು ಭಾಗಿಸಿದರೆ ಶೇಷ 72. ಅದು 2 ಅಲ್ಲ, ಆದ್ದರಿಂದ 311 ನಮ್ಮ ಸಂಖ್ಯೆಯ ಅಪವರ್ತನವಲ್ಲ. ಮುಂದಿನದು 1303, ಅಲ್ಲಿ ಶೇಷ 386, ಅದರ ವರ್ಗದ ಶೇಷ 454. ಅದರ ಮುಂದಿನ 1489ರಲ್ಲಿ ಶೇಷ ಬರೀ 20, ವರ್ಗ 400, ಇದಕ್ಕೆ ಕಾಗದವೂ ಬೇಡ. ಹೀಗೆ ಕೊನೆಯವರೆಗೂ ಹೋದರೆ ಎಲ್ಲಿಯೂ 2 ಸಿಗುವುದಿಲ್ಲ, ಸಿಗದಿರುವುದೇ ರುಜುವಾತು.

ಈ ದಾರಿಯನ್ನು ಮೊದಲು ಪೂರ್ತಿ ನಡೆದವರು 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಇಟಲಿಯ ಪಿಯೆತ್ರೊ ಕಟಾಲ್ಡಿ 1603ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 17 ಮತ್ತು 19 ಘಾತಾಂಕಗಳನ್ನು ಸರಿಯಾಗಿ ಸಾಧಿಸಿ, 23, 29, 31, 37 ಕೂಡ ಅವಿಭಾಜ್ಯಗಳನ್ನೇ ಕೊಡುತ್ತವೆ ಎಂದು ಹೇಳಿಬಿಟ್ಟಿದ್ದರು, ಆ ನಾಲ್ಕರಲ್ಲಿ ನಿಜವಾದದ್ದು 31 ಒಂದೇ. ಫ್ರಾನ್ಸಿನ ಪಾದ್ರಿ ಮಾರಿನ್ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿಯೂ 31 ಇತ್ತು, ಆದರೆ ಅದೇ ಪಟ್ಟಿಯಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು, 61, 89, 107 ಬಿಟ್ಟುಹೋಗಿದ್ದವು. ಊಹೆ ಸರಿಯಾಗಿತ್ತೆಂಬ ಮಾತ್ರಕ್ಕೆ ಅದನ್ನು ಜ್ಞಾನ ಎನ್ನಲಾಗದು, ಹಾಗಾಗಿ ಶ್ರೇಯಸ್ಸು ಆಯ್ಲರ್‌ಗೇ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಬರ್ನೌಲಿ ಮನೆತನದವರೊಬ್ಬರಿಗೆ ಬರೆದು 1772ರ ವೇಳೆಗೆ ಈ ಫಲಿತಾಂಶವನ್ನು ತಿಳಿಸಿದಾಗ ಅವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು, ದೃಷ್ಟಿ ಬಹುಪಾಲು ಹೋಗಿತ್ತು. ಅದಕ್ಕೆ ಮುಂಚಿನ ದಾಖಲೆಯಾಗಿದ್ದ 6700417 ಕೂಡ ಅವರದೇ, 2³² + 1 ಎಂಬುದು 641 × 6700417 ಎಂದು ಒಡೆದಾಗ ಸಿಕ್ಕಿದ್ದು. 2147483647 ತಿಳಿದಿರುವ ಅತಿ ದೊಡ್ಡ ಅವಿಭಾಜ್ಯವಾಗಿ ಹಲವು ದಶಕಗಳವರೆಗೂ ಉಳಿಯಿತು.

ಯೂಕ್ಲಿಡ್‌ನ ಸೂತ್ರದಂತೆ ಇಂಥ ಪ್ರತಿಯೊಂದು ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನು, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾದ ಸಂಖ್ಯೆಯನ್ನು ಕೊಡುತ್ತದೆ. ನಮ್ಮದು ಕೊಡುವುದು 2³⁰ × (2³¹ − 1) = 2305843008139952128. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಎಂದೂ ಪತ್ತೆಯಾಗಲಾರದು, ಇವು ಕುತೂಹಲಕ್ಕಲ್ಲದೆ ಉಪಯೋಗಕ್ಕೆ ಬಾರದ್ದರಿಂದ ಯಾರೂ ಆ ಶ್ರಮಕ್ಕೆ ಕೈಹಾಕುವುದಿಲ್ಲ ಎಂಬರ್ಥದ ಮಾತು ಬರೆದರು. ಉಪಯೋಗವಿಲ್ಲದ ಕೆಲಸವನ್ನು ಮನುಷ್ಯ ಬಿಟ್ಟುಬಿಡುತ್ತಾನೆಂದು ನಂಬಿದ್ದರಲ್ಲಿಯೇ ಅವರ ಲೆಕ್ಕ ತಪ್ಪಿತು.

ನಿಮ್ಮ ಅಣ್ಣನ ಪರೀಕ್ಷೆಗೆ ಬರುತ್ತೇನೆ. ಅವರು ಪ್ರಯೋಗಿಸಿದ್ದು ಫರ್ಮಾನ ಕಿರುಪ್ರಮೇಯವನ್ನೇ, ಆದರೆ ತಿರುಗುಮುರುಗಾಗಿ. ಸಂಖ್ಯೆ ಅವಿಭಾಜ್ಯವಾಗಿದ್ದರೆ ಶೇಷ 1 ಬರುತ್ತದೆ ಎಂಬುದು ಪ್ರಮೇಯ, ಶೇಷ 1 ಬಂದರೆ ಅವಿಭಾಜ್ಯ ಎಂಬುದು ಪ್ರಮೇಯವಲ್ಲ. ಸಾಮಾನ್ಯ ಸಂಖ್ಯೆಗಳಲ್ಲಿ ಈ ವ್ಯತ್ಯಾಸ ಅಪರೂಪಕ್ಕೆ ತೊಂದರೆ ಕೊಡುವುದರಿಂದ ಪ್ರೋಗ್ರಾಮ್ ಬರೆಯುವವರು ಅದನ್ನು ಮರೆಯುತ್ತಾರೆ. ಆದರೆ 2³¹ − 1ರಲ್ಲಿ ಶೇಷ 1 ಬರುವುದು ಮೊದಲೇ ನಿಶ್ಚಯವಾಗಿದೆ: 2³¹ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಎಂಬುದು ಸಂಖ್ಯೆಯ ರೂಪದಿಂದಲೇ ಸ್ಪಷ್ಟ, ಮತ್ತು 2147483646 ಎಂಬ ಘಾತಾಂಕ 31ರ ಅಪವರ್ತ್ಯ, ಆದ್ದರಿಂದ ಆ ಘಾತದಲ್ಲಿಯೂ ಶೇಷ 1 ಬರಲೇಬೇಕು, ಸಂಖ್ಯೆ ಅವಿಭಾಜ್ಯವಾಗಿರಲಿ ಬಿಡಲಿ. 2047ನ್ನು ಅದೇ ಪ್ರೋಗ್ರಾಮಿಗೆ ಕೊಡಲು ಹೇಳಿ. 2046 ಎಂಬುದು 11ರ 186 ಪಟ್ಟು, ಶೇಷ 1 ಬರುತ್ತದೆ, ಪ್ರೋಗ್ರಾಮ್ 2047ನ್ನು ಅವಿಭಾಜ್ಯವೆಂದು ಘೋಷಿಸುತ್ತದೆ, ಪಕ್ಕದಲ್ಲಿ 23 × 89 ಎಂದು ನೀವು ಬರೆದು ತೋರಿಸಬಹುದು. 2ರ ಬದಲು 3ನ್ನು ಆಧಾರವಾಗಿ ಹಿಡಿದಿದ್ದರೆ ಪರೀಕ್ಷೆಗೆ ಸ್ವಲ್ಪವಾದರೂ ತೂಕ ಬರುತ್ತಿತ್ತು. ಕೆಲಸವನ್ನು ಹಗುರ ಮಾಡಿದ ರೂಪವೇ ಇಲ್ಲಿ ಮೋಸವನ್ನೂ ಮಾಡುತ್ತದೆ.

ರೂಪಕ್ಕೆ ತಕ್ಕ ಸರಿಯಾದ ಪರೀಕ್ಷೆಯೂ ಇದೆ. ಫ್ರಾನ್ಸಿನ ಎದುಆರ್ ಲ್ಯುಕಾ 1876ರ ಹೊತ್ತಿಗೆ ಕಂಡುಕೊಂಡು, ಮುಂದಿನ ಶತಮಾನದಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್ ಅಚ್ಚುಕಟ್ಟುಗೊಳಿಸಿದ ಈ ವಿಧಾನದಲ್ಲಿ 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿದ ಶೇಷವನ್ನು ಇಟ್ಟುಕೊಂಡು, ಇದನ್ನೇ ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಮಾಡಬೇಕು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ, ಮೂರನೆಯ ಮಾತಿಲ್ಲ. 127ಕ್ಕೆ, ಅಂದರೆ 2⁷ − 1ಕ್ಕೆ, ಮಾಡಿ ನೋಡಿ: 4, 14, 67, 42, 111, ಕೊನೆಗೆ 0. ಐದು ಹೆಜ್ಜೆ. 2047ಕ್ಕೆ ಒಂಬತ್ತು ಹೆಜ್ಜೆ ನಡೆದರೆ 1736ರಲ್ಲಿ ನಿಲ್ಲುತ್ತೀರಿ, ಸೊನ್ನೆಯಲ್ಲ. ನಮ್ಮ ಸಂಖ್ಯೆಗೆ 29 ಹೆಜ್ಜೆ ಸಾಕು. ಭಾಗಾಕಾರವೂ ಇಲ್ಲಿ ಹೆಸರಿಗಷ್ಟೇ, ದ್ವಿಮಾನದಲ್ಲಿ ಬರೆದ ಸಂಖ್ಯೆಯ ಕೊನೆಯ 31 ಬಿಟ್‌ಗಳನ್ನು ಕತ್ತರಿಸಿ, ಉಳಿದ ಎಡಭಾಗವನ್ನು ಅದಕ್ಕೆ ಕೂಡಿದರೆ ಶೇಷ ಸಿಕ್ಕಿಬಿಡುತ್ತದೆ. ಲ್ಯುಕಾ ತಮ್ಮ ವಿಧಾನದಿಂದ 39 ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ಕೈಲೆಕ್ಕದಲ್ಲಿಯೇ ತೋರಿಸಿದರು. ಮರ್ಸೆನ್ನರ ಪಟ್ಟಿಯ 2⁶⁷ − 1 ಸಂಯುಕ್ತ ಎಂದೂ, ಅದರ ಒಂದೇ ಒಂದು ಅಪವರ್ತನ ಗೊತ್ತಿಲ್ಲದೆ, ಸಾಧಿಸಿದರು. ಆ ಅಪವರ್ತನಗಳನ್ನು, 193707721 × 761838257287 ಎಂದು, ಫ್ರಾಂಕ್ ನೆಲ್ಸನ್ ಕೋಲ್ ಜಗತ್ತಿಗೆ ತೋರಿಸಿದ್ದು 1903ರಲ್ಲಿ. ಒಡೆಯುತ್ತದೆಂದು ತಿಳಿಯುವುದೇ ಬೇರೆ, ಹೇಗೆ ಒಡೆಯುತ್ತದೆಂದು ತಿಳಿಯುವುದೇ ಬೇರೆ.

ರೂಪವಿಲ್ಲದ ಸಂಖ್ಯೆಯ ಪಾಡು ಹೇಗಿರುತ್ತದೆ ಎಂಬುದಕ್ಕೆ ನಮ್ಮ ಸಂಖ್ಯೆಗಿಂತ 18 ಮಾತ್ರ ಕಡಿಮೆ ಇರುವ 2147483629ನ್ನು ನೋಡಿ. ಅದೂ ಅವಿಭಾಜ್ಯವೇ. ಆದರೆ ಮೇಲಿನ ಎರಡು ಜರಡಿಗಳಲ್ಲಿ ಒಂದೂ ಅದಕ್ಕೆ ಹೊಂದುವುದಿಲ್ಲ, ಹಾಗಾಗಿ ಹೆಸರಿಲ್ಲದೆ ಉಳಿದಿದೆ.

ಕಂಪ್ಯೂಟರಿನಲ್ಲಿ ಈ ಅವಿಭಾಜ್ಯತೆ ಎಲ್ಲಿಯೂ ಕೆಲಸಕ್ಕೆ ಬರುವುದಿಲ್ಲವೇ ಎಂದರೆ, ಬರುತ್ತದೆ, ಬೇರೊಂದು ಕಡೆ. ದಾಳ ಉರುಳಿಸಿದಂತೆ ತೋರುವ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸಲು, ಕೈಯಲ್ಲಿರುವ ಸಂಖ್ಯೆಯನ್ನು 16807ರಿಂದ ಗುಣಿಸಿ 2147483647ರಿಂದ ಭಾಗಿಸಿದ ಶೇಷವನ್ನು ಮುಂದಿನ ಸಂಖ್ಯೆಯಾಗಿ ತೆಗೆದುಕೊಳ್ಳುವ ಒಂದು ಹಳೆಯ ವಿಧಾನವಿದೆ. ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ 1988ರಲ್ಲಿ ಇದನ್ನು ಕನಿಷ್ಠ ಗುಣಮಟ್ಟದ ಮಾದರಿಯೆಂದು ಶಿಫಾರಸು ಮಾಡಿದರು. 16807 ಎಂದರೆ 7ರ ಐದನೇ ಘಾತ. 2ರ ಶೇಷಗಳು ಇಲ್ಲಿ 31 ಹೆಜ್ಜೆಗೇ ಸುತ್ತು ಮುಗಿಸುತ್ತವೆ, ಆದರೆ 7ರ ಶೇಷಗಳು 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಮುಟ್ಟಿದ ಮೇಲೆಯೇ 1ಕ್ಕೆ ಮರಳುತ್ತವೆ. 2147483646ರ ಅಪವರ್ತನಗಳು 2 × 3² × 7 × 11 × 31 × 151 × 331, ಅವುಗಳಲ್ಲಿ 5 ಇಲ್ಲದಿರುವುದರಿಂದ 7ರ ಐದನೇ ಘಾತಕ್ಕೂ ಅದೇ ಗುಣ ಬಂದಿದೆ. ಸೊನ್ನೆಯನ್ನು ಬಿಟ್ಟು ಉಳಿದೆಲ್ಲ ಶೇಷಗಳನ್ನೂ ಒಂದೇ ಸುತ್ತಿನಲ್ಲಿ ಮುಟ್ಟುವುದು ಭಾಜಕ ಅವಿಭಾಜ್ಯವಾಗಿದ್ದರೆ ಮಾತ್ರ ಸಾಧ್ಯ. ಗೌಪ್ಯ ಸಂಕೇತಗಳಿಗೆ ಈ ವಿಧಾನ ಸಲ್ಲದು, ಸುಲಭವಾಗಿ ಊಹಿಸಬಹುದು.

ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ತೋರಿಸಿರುವುದರಿಂದ ಅತಿ ದೊಡ್ಡದು ಎಂಬ ಮಾತು ಯಾವಾಗಲೂ ತಿಳಿದಿರುವವುಗಳ ಮಟ್ಟಿಗೆ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಪತ್ತೆ ಮಾಡಿದ, 41024320 ಅಂಕಿಗಳ 2ರ 136279841ನೇ ಘಾತ ಕಳೆ 1 ಎಂಬುದೂ ಮರ್ಸೆನ್ ಅವಿಭಾಜ್ಯವೇ. ಆದರೆ 2147483647ನ್ನೇ ಘಾತಾಂಕವಾಗಿ ಇಟ್ಟರೆ ಸಿಗುವ, 64 ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ ಅವಿಭಾಜ್ಯವಲ್ಲ. 3, 7, 31, 127ಗಳನ್ನು ಘಾತಾಂಕವಾಗಿ ಇಟ್ಟಾಗ ಅವಿಭಾಜ್ಯಗಳೇ ಬಂದಿದ್ದರಿಂದ ಇಲ್ಲಿಯೂ ಹಾಗೆಯೇ ಆಗಬಹುದೆಂದು ಅನ್ನಿಸುವುದು ಸಹಜ, ಆದರೆ ಅದು 295257526626031ರಿಂದ ಭಾಗವಾಗುತ್ತದೆಂದು 1983ರಲ್ಲಿ ತಿಳಿಯಿತು. ಈ ಭಾಜಕದಿಂದ 1 ಕಳೆದರೆ ಉಳಿಯುವುದು 2147483647ರ 137490 ಪಟ್ಟು, ಮೊದಲನೆಯ ಜರಡಿ ಹೇಳುವಂತೆಯೇ. ಇದನ್ನು ಪರೀಕ್ಷಿಸಲು 64 ಕೋಟಿ ಅಂಕಿಗಳನ್ನು ಬರೆಯಬೇಕಿಲ್ಲ. 2ರಿಂದ ಆರಂಭಿಸಿ, ವರ್ಗ ಮಾಡಿ, ಈ ಭಾಜಕದಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳುವುದನ್ನು 31 ಸಲ ಮಾಡಿದರೆ, ಕೊನೆಗೆ ಮತ್ತೆ 2 ಬರಬೇಕು. ನಡುವೆ ಬರುವ ವರ್ಗಗಳು 29 ಅಂಕಿಗಳವರೆಗೆ ಬೆಳೆಯುವುದರಿಂದ 64 ಬಿಟ್‌ಗಳ ಜಾಗವೂ ಸಾಲದು, ಪೈಥಾನ್ ಭಾಷೆಯಲ್ಲಾದರೆ ಆ ತೊಡಕಿಲ್ಲ, ನಿಮ್ಮ ಅಣ್ಣನಿಗೆ ನಾಲ್ಕು ಸಾಲಿನ ಕೆಲಸ.